ನಲವತ್ತು ಸಾವಿರಕ್ಕೆ ಮುನ್ನೂರು ಬಾಕಿ

ಸೆಡೂನದ ಜೆಟ್ಟಿಯ ಎದುರು ಗಾಡಿ ನಿಲ್ಲಿಸಿ
ಮಡಿಸುವ ಮೇಜಿನ ಮೇಲೆ ವಾರಂಟಿ ಪುಸ್ತಕ ಹರವಿದ್ದೇನೆ, ಡೆನ್ಜಿಲ್.
ಹಾಳೆ ಗಾಳಿಗೆ ಹಾರದಂತೆ
ಒಂದು ಕಡೆ ಸಕ್ಕರೆ ಡಬ್ಬಿ, ಇನ್ನೊಂದು ಕಡೆ ನಿನ್ನ ಸ್ಪ್ಯಾನರು.

ಮೀಟರು ಮೂವತ್ತೊಂಬತ್ತು ಸಾವಿರದ ಏಳುನೂರು.
ನಲವತ್ತಕ್ಕೆ ಎಣ್ಣೆ ಬದಲಾಗಬೇಕು, ಫಿಲ್ಟರು ಬದಲಾಗಬೇಕು,
ಈ ಖಾಲಿ ಚೌಕದಲ್ಲಿ ಒಂದು ಮೊಹರು ಬೀಳಬೇಕು.
ಮೊಹರು ಇರುವುದು ಪೋರ್ಟ್ ಅಗಸ್ಟದಲ್ಲಿ.
ಅಲ್ಲಿಗೆ ಹತ್ತಿರ ಹತ್ತಿರ ನಾನೂರ ಎಪ್ಪತ್ತು.
ಕೂಡಿಸಿದೆ, ಕಳೆದೆ, ಮೂರು ಸಲ ಮಾಡಿದೆ.
ಮೂರು ಸಲವೂ
ನೂರ ಎಪ್ಪತ್ತು ಕಿಲೋಮೀಟರಿನಷ್ಟು
ನಾವು ಪಾಪಿಗಳು.

ಫೋನೆತ್ತಿದ ಹುಡುಗಿ ಒಳ್ಳೆಯವಳೇ.
ಈ ಬುಧವಾರ ಆಗದು, ಅದರಾಚೆಯ ಬುಧವಾರವೂ ಆಗದು,
ಮುಂದಿನ ತಿಂಗಳು ಒಂಬತ್ತಕ್ಕೆ ತನ್ನಿ ಅಂದಳು.
ಗಾಡಿ ಎಷ್ಟು ಎತ್ತರ ಅಂತ ಕೇಳಿದಳು.
ಮೂರು ಮೀಟರು ಮೂವತ್ತು ಅಂದೆ.
ಅಯ್ಯೋ, ನಮ್ಮ ಬಾಗಿಲು ಮೂರೇ ಮೀಟರಲ್ಲವೇ,
ತಡೆಯಿರಿ, ಯಾರನ್ನಾದರೂ ಕೇಳುತ್ತೇನೆ ಅಂದವಳು
ಒಂದು ವಾದ್ಯಸಂಗೀತ ಹಚ್ಚಿಟ್ಟು ಹೋದಳು.
ವರ ಕೊಟ್ಟ ದೇವರು ಎಲ್ಲೋ ಕಾರ್ಖಾನೆಯಲ್ಲಿದ್ದಾನೆ.
ಪೂಜಾರಿಗೆ ಪುರುಸೊತ್ತಿಲ್ಲ.

ಪಕ್ಕದ ಗಾಡಿಯ ಬೆರಿಲ್ ಟವೆಲು ಒಣಹಾಕುತ್ತಲೇ ಎಚ್ಚರಿಸಿದಳು:
ಅವಳ ಭಾವನ ಇಂಜೆಕ್ಟರು ಸತ್ತಾಗ
ಒಂದು ತಾರೀಖು ತಪ್ಪಿದ್ದಕ್ಕೆ
ಕಂಪನಿ ಕೈ ಕೊಡವಿಕೊಂಡಿತಂತೆ.
ಭಾವ ಈಗ ಬಸ್ಸಿನಲ್ಲಿ ಓಡಾಡುತ್ತಾನಂತೆ.

ಇತ್ತ ಥೆವೆನಾರ್ಡಿನ ಬಂದರಿನಲ್ಲಿ, ಮೀನಿನ ದೋಣಿಗಳ ಬೆನ್ನಿಗೆ
ಲೆಫ್ಟೆರಿಸ್‌ನ ತಗಡಿನ ಶೆಡ್ಡು.
ಬಾಗಿಲೇ ಇಲ್ಲ, ಎತ್ತರದ ಮಾತೂ ಇಲ್ಲ.
ಅವನ ಲೈಸೆನ್ಸು ಗೋಡೆಯ ಮೇಲಿದೆ,
ಗ್ರೀಸು ಮೆತ್ತಿದ ಗಾಜಿನ ಹಿಂದೆ ಅವನ ಪ್ರಾಯದ ಫೋಟೊ.
ಮೊಹರು ಮಾತ್ರ ಇಲ್ಲ.
‘ಪುಸ್ತಕ ಹೇಳಿದ ಎಣ್ಣೆಯನ್ನೇ ಹಾಕುತ್ತೇನಮ್ಮ,
ಡಬ್ಬಿಯ ನಂಬರು, ಫಿಲ್ಟರಿನ ನಂಬರು, ಮೀಟರಿನ ಅಂಕಿ
ಎಲ್ಲ ಬಿಲ್ಲಿನಲ್ಲಿ ಬರೆಯುತ್ತೇನೆ.
ನಾಳೆ ಅವರು ಜಗಳಕ್ಕೆ ಬಂದರೆ ಕಾಗದ ಮಾತಾಡಲಿ.’

ನೀನು ಏನೂ ಹೇಳಲಿಲ್ಲ.
ಪೀಟರ್‌ಬರೋದ ರೈಲು ಶೆಡ್ಡಿನಲ್ಲಿ ನಲವತ್ತೊಂದು ವರ್ಷ
ಲೋಹದ ಮೇಲೆ ಅಂಗೈ ಇಟ್ಟು
ಯಾವ ಸಿಲಿಂಡರು ಸೊರಗಿದೆ ಅಂತ ಹೇಳಿದವನು ನೀನು.
ಈಗ ನಿನ್ನದೇ ಗಾಡಿಯ ಒಂದು ನಟ್ಟು ನೀನು ಮುಟ್ಟಿದರೆ
ವಾರಂಟಿಗೆ ಮೈಲಿಗೆ.
ನಿನ್ನ ಕಿವಿಯ ಯಂತ್ರಕ್ಕೂ ಎರಡು ವರ್ಷ ಇದೆ, ಗೊತ್ತಲ್ಲ,
ಅದನ್ನೂ ಬಿಚ್ಚಬಾರದು ಅಂತ ಬರೆದಿದೆ,
ನೀನು ಬಿಚ್ಚಿದ್ದೀ.

ನಾನು ಲಾಭ ನಷ್ಟದ ಪಟ್ಟಿ ಮಾಡುತ್ತಿದ್ದೆ, ಎರಡು ಕಾಲಂ.
ನೀನು ಶೆಡ್ಡಿನ ನೆರಳಲ್ಲಿ ನಿಂತು
ಅವನು ಯಾವುದೋ ದೋಣಿಯ ಎಂಜಿನ್ನು ಬಿಚ್ಚುವುದನ್ನು ನೋಡುತ್ತಿದ್ದೆ.
ತಿರುಪು ತೆಗೆಯುವ ಮೊದಲು
ಅದರ ಸುತ್ತಲಿನ ಉಪ್ಪು, ಧೂಳು
ಬಟ್ಟೆಯಿಂದ ಒರೆಸಿದ, ಬಟ್ಟೆ ಮಗುಚಿ ಇನ್ನೊಮ್ಮೆ ಒರೆಸಿದ.
‘ಒರೆಸಿ ಬಿಚ್ಚುತ್ತಾನೆ’ ಅಂದೆ.
ಆ ಬೆಳಗಿಗೆ ನಿನ್ನ ಮಾತು ಅಷ್ಟೇ.
ನಾನು ಪಟ್ಟಿ ಮಡಿಸಿದೆ.

ಕಪ್ಪು ಎಣ್ಣೆ ಇಳಿಯಲು ಅರ್ಧ ಗಂಟೆ ಹಿಡಿಯಿತು.
ಆಮೇಲೆ ಪ್ಲಗ್ಗು ಕೂರಿಸಿ, ಬಿಗಿದು,
ಕೊನೆಯ ಕಾಲು ಸುತ್ತು ಉಳಿದಿರುವಾಗ
ಲೆಫ್ಟೆರಿಸ್‌ಗೆ ಇದ್ದಕ್ಕಿದ್ದಂತೆ
ಸಮುದ್ರದಲ್ಲಿ ಏನೋ ಕಂಡಿತು.
ಸ್ಪ್ಯಾನರನ್ನು ನಿನ್ನ ಮಗ್ಗುಲಲ್ಲಿಟ್ಟು ಎದ್ದು ಹೋದ.
ಅಲ್ಲಿ ಏನೂ ಇರಲಿಲ್ಲ, ನಾನೂ ನೋಡಿದೆ.
ನೋಡುತ್ತಲೇ ಇದ್ದೆ.
ಹಿಂದೆ ನಿನ್ನ ಮೊಣಕಾಲು ಜಲ್ಲಿಯ ಮೇಲೆ ಊರಿದ ಸದ್ದು,
ನಿನ್ನ ಉಸಿರು.

ಬಿಲ್ಲು ಚೌಕಕ್ಕಿಂತ ದೊಡ್ಡದಾಯಿತು.
ನಾಲ್ಕಾಗಿ ಮಡಿಸಿ ಅಂಟಿಸಿದ್ದೇನೆ.
ಮೂಲೆಯಲ್ಲಿ ಎಣ್ಣೆಯ ಹೆಬ್ಬೆಟ್ಟು ಒಂದಿದೆ.
ಕಂಪನಿಯವರು ಕೇಳಿದರೆ
ಲೆಫ್ಟೆರಿಸ್‌ನದು ಅನ್ನುತ್ತೇನೆ.